ಉತ್ತರ ಗೊತ್ತಿದ್ದರೂ ಬರೆಯಲಾಗದ ಹುಡುಗ

ಸಣ್ಣ ಪಟ್ಟಣವೊಂದರ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದ ಬಾಲಕನನ್ನು ತಂದೆತಾಯಿ ಆಪ್ತಸಲಹೆಗೆ ಕರೆತಂದಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪರೀಕ್ಷೆಯಲ್ಲಿ ಅರ್ಧ ಹಾಳೆಯನ್ನೂ ತುಂಬಿಸುವುದಿಲ್ಲವೆಂಬುದು ಶಾಲೆಯ ದೂರು. “ಮೊಬೈಲ್ ರಿಪೇರಿ ಮಾಡೋಕೆ ಬರತ್ತೆ, ನಾಲ್ಕು ಸಾಲು ಬರೆಯೋಕೆ ಬರಲ್ವಾ ಮೇಡಂ? ಬರೀ ಸೋಮಾರಿತನ” ಎಂಬುದು ತಂದೆಯ ಮಾತು.

ಅವನ ನೋಟ್‌ಬುಕ್ಕಿನಲ್ಲಿ ‘ವಿದ್ಯಾರ್ಥಿ’ ಎಂಬುದು ಒಂದೆಡೆ ‘ವಿದಾಥಿ’ ಎಂದಿದ್ದರೆ ಅದೇ ಪುಟದ ಕೆಳಗೆ ‘ವಿದ್ಯಥಿ’ ಎಂದಿತ್ತು. ಒತ್ತಕ್ಷರ, ಅರ್ಕಾವತ್ತು, ದೀರ್ಘಗಳು ಬಂದಲ್ಲೆಲ್ಲ ಇದೇ ಪಾಡು. ಹಲಗೆ ನೋಡಿ ಬರೆದುಕೊಂಡ ಟಿಪ್ಪಣಿಗಳು ನಡುವಿನಲ್ಲೇ ತುಂಡಾಗಿದ್ದವು. ಇವನು ಮೂರನೇ ಸಾಲು ಮುಗಿಸುವಷ್ಟರಲ್ಲಿ ಮೇಷ್ಟ್ರು ಹಲಗೆ ಒರೆಸಿಬಿಡುತ್ತಿದ್ದರಂತೆ. ಆದರೆ ದ್ಯುತಿಸಂಶ್ಲೇಷಣೆಯ ಪಾಠವನ್ನು ನಾನೇ ಓದಿ ಹೇಳಿ ಪ್ರಶ್ನೆ ಕೇಳಿದಾಗ, ಹಿತ್ತಲಿನ ನೆರಳಿನಲ್ಲಿ ಬಿಳಿಚಿಕೊಂಡ ಬಸಳೆ ಬಳ್ಳಿಯನ್ನು ಉದಾಹರಣೆಯಾಗಿ ಕೊಟ್ಟು ವಿವರಿಸಿದ.

ಬುದ್ಧಿಮಟ್ಟ ಸರಿಯಿದ್ದರೂ ಓದು, ಬರಹ ಅಥವಾ ಲೆಕ್ಕದಲ್ಲಿ ತೊಡಕುಂಟಾಗುವ ನಿರ್ದಿಷ್ಟ ಕಲಿಕಾ ನ್ಯೂನತೆಯ ಶಂಕೆಯಿಂದ ಅವನನ್ನು ಮೌಲ್ಯಮಾಪನಕ್ಕೆ ಕಳುಹಿಸಿದೆ. ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ, ಅನಂತರ ಬುದ್ಧಿಮಟ್ಟದ ಪರೀಕ್ಷೆ, ಕೊನೆಗೆ ನಿಮ್ಹಾನ್ಸ್ ರೂಪಿಸಿರುವ ಕಲಿಕಾ ಪರೀಕ್ಷೆಗಳ ಸರಣಿ ನಡೆದು ಶಂಕೆ ಖಚಿತವಾಯಿತು. ನ್ಯೂನತೆಯ ಪ್ರಮಾಣಪತ್ರ ಎಂದ ಕೂಡಲೇ ತಾಯಿ ಹಿಂಜರಿದರು. ಮಗನ ಮೇಲೆ ಮುದ್ರೆ ಬೀಳುತ್ತದೆಂಬ ಭಯ ಅವರದು. ದಡ್ಡ, ಸೋಮಾರಿ ಎಂಬ ಮುದ್ರೆಗಳು ಆಗಲೇ ಬಿದ್ದಿವೆಯೆಂದೂ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ನ್ಯೂನತೆಗಳಲ್ಲಿ ಇದೂ ಒಂದಾಗಿರುವುದರಿಂದ ಈ ಕಾಗದ ಸೌಲಭ್ಯ ಕೇಳಲು ಆಧಾರವಾಗುತ್ತದೆಂದೂ ವಿವರಿಸಿದೆ. ಹದಿನೆಂಟು ವರ್ಷ ತುಂಬಿದಾಗ ಮರುಮೌಲ್ಯಮಾಪನ ಆಗಬೇಕೆಂಬುದನ್ನೂ ತಿಳಿಸಿದೆ.

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ, ಈ ಮೂರನ್ನೂ ಕಾಯ್ದೆಯ 17ನೇ ಕಲಂ ಹೆಸರಿಸುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷಕ್ಕಿಂತ ಕಡಿಮೆಯಿರಬಾರದು. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಸಿಕ್ಕಂತಾಯಿತು. ಹಲವು ಸೌಲಭ್ಯಗಳಿಗೆ ಅಳತೆಗೋಲಾಗಿರುವ ಶೇಕಡಾ 40ರಷ್ಟು ನ್ಯೂನತೆ ಇಲ್ಲವೆಂಬ ಒಂದೇ ಕಾರಣಕ್ಕೆ, ಬರೆಯಲು ಕಷ್ಟಪಡುವವರಿಗೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2021ರಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಭಾಷಾ ವಿನಾಯಿತಿಯ ವಿಷಯದಲ್ಲಿ ಮಾತ್ರ ಆತುರ ಬೇಡವೆಂದೆ. ಹಿಂದಿಯನ್ನು ಬಿಡುವ ಬಗ್ಗೆ ಯೋಚಿಸಬಹುದು, ಆದರೆ ಮುಂದೆ ಐಟಿಐಗೋ ಡಿಪ್ಲೊಮಾಕ್ಕೋ ಹೋಗಬಯಸುವ ಹುಡುಗ ಇಂಗ್ಲಿಷನ್ನು ಬಿಟ್ಟರೆ ಇಂದಿನ ನಿರಾಳ ನಾಳೆಯ ತೊಡಕಾದೀತು.

ಇಂಥ ಪ್ರಕರಣಗಳಲ್ಲಿ ಎಲ್ಲರೂ ಎಸ್ಸೆಸ್ಸೆಲ್ಸಿಯ ಕಡೆಗೇ ನೋಡುತ್ತಾರೆ, ಆದರೆ ನೆರವು ಬೇಕಾಗಿರುವುದು ದಿನನಿತ್ಯದ ತರಗತಿಯಲ್ಲಿ. ಹಲಗೆಯ ಟಿಪ್ಪಣಿಯ ಜೆರಾಕ್ಸ್ ಕೊಡುವುದು, ಎಲ್ಲರ ಮುಂದೆ ಎದ್ದು ನಿಂತು ಓದಲು ಹೇಳದಿರುವುದು, ಘಟಕ ಪರೀಕ್ಷೆಯ ಒಂದು ಭಾಗವನ್ನು ಮೌಖಿಕವಾಗಿ ತೆಗೆದುಕೊಳ್ಳುವುದು, ವಿಜ್ಞಾನ ಮತ್ತು ಸಮಾಜ ವಿಜ್ಞಾನದಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯದಿರುವುದು ನಾನು ಶಾಲೆಗೆ ಬರೆದುಕೊಟ್ಟ ಸಲಹೆಗಳು. ಉಳಿದ ಮಕ್ಕಳಿಗೆ ಇದರಿಂದ ಅನ್ಯಾಯವಾಗುವುದಿಲ್ಲವೇ ಎಂದು ಒಬ್ಬ ಶಿಕ್ಷಕರು ಕೇಳಿದರು. ಪ್ರಾಮಾಣಿಕವಾದ ಪ್ರಶ್ನೆಯೇ. ವಿಜ್ಞಾನದ ಪತ್ರಿಕೆ ಅಳೆಯಬೇಕಾದದ್ದು ವಿಜ್ಞಾನದ ತಿಳಿವಳಿಕೆಯನ್ನು. ಇವನ ಮಟ್ಟಿಗೆ ಅದು ಒತ್ತಕ್ಷರವನ್ನಷ್ಟೇ ಅಳೆಯುತ್ತಿದೆ ಎಂದು ಉತ್ತರಿಸಿದೆ.

ಲಿಪಿಕಾರರಿಗೆ ಉತ್ತರ ಹೇಳಿ ಬರೆಸುವುದೂ ಅಭ್ಯಾಸದಿಂದಲೇ ಬರುವ ವಿದ್ಯೆ. ಹೇಗೆ ಆರಂಭಿಸಬೇಕು, ಎಲ್ಲಿ ನಿಲ್ಲಿಸಬೇಕು, ಚಿತ್ರದ ಭಾಗಗಳನ್ನು ಹೇಗೆ ಹೇಳಿ ಗುರುತಿಸಬೇಕು ಎಂಬುದು ತಿಳಿಯದ ಮಗು ಪರೀಕ್ಷಾ ಕೊಠಡಿಯಲ್ಲಿ ತಬ್ಬಿಬ್ಬಾಗುತ್ತದೆ. ಆದ್ದರಿಂದ ಮುಂದಿನ ಘಟಕ ಪರೀಕ್ಷೆಯಿಂದಲೇ ಎಂಟನೇ ತರಗತಿಯ ಹುಡುಗನೊಬ್ಬನನ್ನು ಜೊತೆಗೆ ಕೂರಿಸಬೇಕೆಂದೂ, ಬ್ಲಾಕ್ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣದ (ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಎಲ್ಲರೊಂದಿಗೆ ಕಲಿಸುವ ವ್ಯವಸ್ಥೆಯ) ಶಿಕ್ಷಕರನ್ನು ಮುಖ್ಯೋಪಾಧ್ಯಾಯರ ಮೂಲಕ ಸಂಪರ್ಕಿಸಿ ಓದಿನ ತರಬೇತಿ ಮುಂದುವರಿಸಬೇಕೆಂದೂ ತಿಳಿಸಿದೆ. ತಂದೆಗೆ ಹೇಳಿದ್ದು ಒಂದೇ ಮಾತು: ರಾತ್ರಿ ಅರ್ಧ ಗಂಟೆ ಪಾಠವನ್ನು ಗಟ್ಟಿಯಾಗಿ ಓದಿ ಹೇಳಿ, ಬೈಗುಳವಿಲ್ಲದೆ.