ಎರಿ ಹೊಲದ ದಾರಿಗೆ ಜಿಮ್ನಿ ಆದೀತೇ?

ಪ್ರಶ್ನೆ: ತಿಕೋಟಾ ಹತ್ತಿರ ನಮ್ಮ ದ್ರಾಕ್ಷಿ ತೋಟವಿದೆ. ಮಳೆಗಾಲದಲ್ಲಿ ಕಾರನ್ನು ಡಾಂಬರು ರಸ್ತೆಯಲ್ಲೇ ಬಿಟ್ಟು ನಡೆಯಬೇಕು. ಮಾರುತಿ ಜಿಮ್ನಿ ತೊಗೊಂಡವರಿಗೆ ಸಮಾಧಾನ ಇದೆಯೇ? ಮನೆಯಲ್ಲಿ ಐದು ಮಂದಿ ಇದ್ದೇವೆ.
– ಓದುಗರು, ವಿಜಯಪುರ ಜಿಲ್ಲೆ

ಉತ್ತರ: ನಾನೂ ಜಿಮ್ನಿ ಓಡಿಸುವವ, ಬಸವನ ಬಾಗೇವಾಡಿ ಕಡೆಯವ. ಹೊಲದ ಕೆಲಸಕ್ಕೆ ನನಗಂತೂ ಪೂರ್ತಿ ಸಮಾಧಾನವಿದೆ. ಎರಿ ಮಣ್ಣು ನಿಮಗೆ ಗೊತ್ತೇ ಇದೆ. ಒಂದು ಹದ ಮಳೆ ಬಿದ್ದರೆ ಟೈರಿನ ಸಂದುಗಳೆಲ್ಲ ತುಂಬಿ ಚಕ್ರ ಬೆಣ್ಣೆ ಸವರಿದಂತೆ ಜಾರುತ್ತದೆ. ಸಿಕ್ಕಿಬಿದ್ದ ಮೇಲಲ್ಲ, ಕೆಸರಿಗೆ ಇಳಿಯುವ ಮೊದಲೇ ಗೇರಿನ ಪಕ್ಕದ ಸಣ್ಣ ಲಿವರನ್ನು, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ 4ಎಚ್‌ಗೆ ಹಾಕಿ. ಗಾಡಿ ಓಡುತ್ತಿದ್ದರೂ ಈ ಲಿವರ್ ಬೀಳುತ್ತದೆ. ಹಳ್ಳದ ದಂಡೆ ಏರಬೇಕೆಂದರೆ ಮಾತ್ರ ಗಾಡಿ ನಿಲ್ಲಿಸಿ, ಕ್ಲಚ್ ತುಳಿದು 4ಎಲ್ (ನಾಲ್ಕೂ ಚಕ್ರಕ್ಕೆ ನಿಧಾನ ವೇಗದಲ್ಲಿ ಹೆಚ್ಚು ಬಲ) ಹಾಕಿ, ಎಕ್ಸಿಲರೇಟರ್ ಮೇಲೆ ಕಾಲು ಹಗುರಾಗಿಡಿ. ತಳ 210 ಮಿಲಿಮೀಟರ್ ಎತ್ತರವಿರುವುದರಿಂದ ಬದುವಿಗೆ ಹೊಟ್ಟೆ ತಾಗುವುದು ಅಪರೂಪ.

ಡಾಂಬರಿಗೆ ಬಂದ ಕೂಡಲೇ, ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬಲ ಹೋಗುವ 2ಎಚ್‌ಗೆ ಮರಳಲೇಬೇಕು. ಇದರಲ್ಲಿ ನಡುವಿನ ಡಿಫರೆನ್ಷಿಯಲ್, ಅಂದರೆ ಮುಂದಿನ, ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ ಇಲ್ಲ. ಒಣ ರಸ್ತೆಯ ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳಿಗೆ ಬೇರೆ ಬೇರೆ ವೇಗ ಬೇಕು. ಅದು ಸಿಗದೆ ಗೇರುಗಳು ಬಿಗಿದುಕೊಳ್ಳುತ್ತವೆ.

ಇನ್ನು ಐದು ಮಂದಿಯ ಮಾತು. ಬಾಗಿಲು ಐದು, ಸೀಟು ನಾಲ್ಕೇ. ಡಿಕ್ಕಿ 208 ಲೀಟರ್, ದ್ರಾಕ್ಷಿ ಕ್ರೇಟು ಹೇರಲು ಹಿಂದಿನ ಸೀಟು ಮಡಚಬೇಕು. ಎಂಜಿನ್ 1.5 ಲೀಟರಿನ ಪೆಟ್ರೋಲ್, ಡೀಸೆಲ್ ಇಲ್ಲ. ಮನೆಮಂದಿಯೆಲ್ಲ ಕೂಡಲಸಂಗಮಕ್ಕೆ ಹೋಗಲು ಈಗಿನ ಕಾರು ಇರಲಿ. ತೋಟಕ್ಕೆಂದೇ ಎರಡನೇ ಗಾಡಿ ಆಗುವುದಾದರೆ ಧೈರ್ಯವಾಗಿ ತೊಗೊಳ್ರಿ.