ಓದುಗರ ಪ್ರಶ್ನೆ, ವೈದ್ಯರ ಉತ್ತರ: ಏರಿಳಿಯುವ ಬಿ.ಪಿ., ಕೋಟೆಯ ಮೆಟ್ಟಿಲು, ಅಪ್ಪನ ಮೌನ

ನಿವೃತ್ತರ ದಿನಚರಿ ಮತ್ತು ಆರೋಗ್ಯದ ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ಮಾನ್ಯ ವೈದ್ಯರಿಗೆ ನಮಸ್ಕಾರಗಳು. ನಾನು ಪ್ರೌಢಶಾಲಾ ಶಿಕ್ಷಕನಾಗಿದ್ದು ನಿವೃತ್ತನಾಗಿ ಎರಡು ವರ್ಷವಾಯಿತು. ವಯಸ್ಸು 62. ನಿವೃತ್ತಿಯಾದ ಮರುದಿನದಿಂದಲೇ ಕುಂದವಾಡ ಕೆರೆಯ ಏರಿಯ ಮೇಲೆ ದಿನವೂ ಒಂದು ಗಂಟೆಗೂ ಹೆಚ್ಚು ಬಿರುಸಾಗಿ ನಡೆಯಲು ಆರಂಭಿಸಿದೆ. ಆರು ತಿಂಗಳಲ್ಲಿ ಮಂಡಿನೋವು ಬಂದು ನಡಿಗೆ ನಿಂತಿತು. ನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಿದ್ದೇನೆ. ಬಿ.ಪಿ. ಮಾತ್ರೆ ಎಂಟು ವರ್ಷದಿಂದ ಇದೆ. ಈಗ ಬಿ.ಪಿ. ಒಮ್ಮೆ 150 ಇದ್ದರೆ ಮತ್ತೊಮ್ಮೆ 120 ಇರುತ್ತದೆ. ಮಗ ತಂದುಕೊಟ್ಟ ಯಂತ್ರದಲ್ಲಿ ದಿನಕ್ಕೆ ಐದಾರು ಸಲ ನೋಡಿಕೊಳ್ಳುತ್ತೇನೆ. ಹಾಸಿಗೆಯಿಂದ ಎದ್ದಾಗ ತಲೆ ತಿರುಗುತ್ತದೆ. ದಿನ ಹೇಗೆ ಕಳೆಯುವುದೆಂದು ತಿಳಿಯುತ್ತಿಲ್ಲ. ದಾರಿ ತೋರಿಸಬೇಕು. — ವಿದ್ಯಾನಗರ, ದಾವಣಗೆರೆ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಮಂಡಿ, ಬಿ.ಪಿ., ತಲೆಸುತ್ತು, ಬರಿದಾದ ದಿನ ಎಂಬ ನಾಲ್ಕು ದೂರುಗಳಿವೆ. ಇವು ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ನನಗೆ ಅನಿಸುತ್ತದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲೆಯ ಗಂಟೆಯೇ ನಿಮ್ಮನ್ನು ಎಬ್ಬಿಸಿತು, ಹೊತ್ತಿಗೆ ಸರಿಯಾಗಿ ಉಣ್ಣಿಸಿತು, ಪೀರಿಯಡ್ ಪೀರಿಯಡ್‌ಗೆ ನಿಲ್ಲಿಸಿ ಓಡಾಡಿಸಿತು. ಆ ಗಂಟೆ ನಿಂತ ದಿನವೇ ದೇಹದ ವೇಳಾಪಟ್ಟಿಯೂ ಕಳಚಿತು. ಅದರ ಜಾಗವನ್ನು ಒಂದೇ ಬಿರುಸಿನ ನಡಿಗೆಯಿಂದ ತುಂಬಲು ನೀವು ಹೊರಟಿರಿ. ಉದ್ದೇಶ ಒಳ್ಳೆಯದೇ, ಆದರೆ ತರಗತಿಯಲ್ಲಿ ನಿಂತು ನಿಧಾನವಾಗಿ ಓಡಾಡಿ ಅಭ್ಯಾಸವಾಗಿದ್ದ ಮಂಡಿಗಳಿಗೆ ಅದು ಒಮ್ಮೆಲೇ ಹೊರಿಸಿದ ಹೊರೆಯಾಯಿತು.

ಮೊದಲು ನೋವಿನ ಮಾತ್ರೆಯ ವಿಷಯ, ಏಕೆಂದರೆ ನನಗೆ ಹೆಚ್ಚು ಆತಂಕ ತಂದದ್ದು ಅದೇ. ಡೈಕ್ಲೋಫೆನಾಕ್ ಮೊದಲಾದ ನೋವುನಿವಾರಕಗಳು ದೇಹದಲ್ಲಿ ಉಪ್ಪು ಮತ್ತು ನೀರನ್ನು ಉಳಿಸಿ ರಕ್ತದೊತ್ತಡವನ್ನು ಏರಿಸುತ್ತವೆ, ಬಿ.ಪಿ. ಮಾತ್ರೆಯ ಬಲವನ್ನು ಕುಗ್ಗಿಸುತ್ತವೆ, ದಿನನಿತ್ಯ ಸೇವಿಸಿದರೆ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡಕ್ಕೂ ಹಾನಿ ಮಾಡುತ್ತವೆ. ನಿಮ್ಮ 150ಕ್ಕೆ ಈ ಮಾತ್ರೆಯೂ ಒಂದು ಕಾರಣವಾಗಿರಬಹುದು. ಅಂಗಡಿಯಿಂದ ತರುವುದನ್ನು ನಿಲ್ಲಿಸಿ. ಮಾತ್ರೆಯ ಹಾಳೆಯನ್ನೇ ವೈದ್ಯರ ಬಳಿ ಒಯ್ದು ತೋರಿಸಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.

ಬಿ.ಪಿ. ಎಂಬುದು ಗೋಡೆಗೆ ಬರೆದ ಅಂಕಿಯಲ್ಲ. ಮೆಟ್ಟಿಲು ಹತ್ತಿದಾಗ, ಮಾತನಾಡಿದಾಗ, ಮೂತ್ರ ತಡೆದುಕೊಂಡಾಗ, ಕಾಫಿ ಕುಡಿದಾಗ, ಯಂತ್ರವನ್ನು ಕಂಡು ಭಯವಾದಾಗ ಅದು ಏರುತ್ತದೆ, ವಿಶ್ರಾಂತಿಯಲ್ಲಿ ಇಳಿಯುತ್ತದೆ. ದಿನಕ್ಕೆ ಆರು ಸಲ ನೋಡುವವರಿಗೆ ಆರು ಬಗೆಯ ಅಂಕಿ ಸಿಗುವುದು ಸಹಜ, ಮತ್ತು ಪ್ರತಿ ಅಂಕಿಯೂ ಮುಂದಿನದನ್ನು ಏರಿಸುವಷ್ಟು ಚಿಂತೆ ತರುತ್ತದೆ. ಆದ್ದರಿಂದ ಹೀಗೆ ಮಾಡಿ: ಬೆಳಿಗ್ಗೆ ಮೂತ್ರವಿಸರ್ಜನೆ ಮುಗಿಸಿ, ಮಾತ್ರೆ ಮತ್ತು ಕಾಫಿಗೆ ಮೊದಲು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕಾಲನ್ನು ಅಡ್ಡ ಹಾಕದೆ ನೆಲದ ಮೇಲೆ ಊರಿ ಐದು ನಿಮಿಷ ಮಾತಿಲ್ಲದೆ ಕುಳಿತುಕೊಳ್ಳಿ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಬರೆದಿಡಿ. ಸಂಜೆಯೂ ಹಾಗೆಯೇ. ಹೀಗೆ ಏಳು ದಿನ ಮಾಡಿ, ಮೊದಲ ದಿನದ್ದನ್ನು ಬಿಟ್ಟು ಉಳಿದುದರ ಸರಾಸರಿ ತೆಗೆಯಿರಿ. ಲೆಕ್ಕ ನಿಮಗೆ ಹೊಸದಲ್ಲ. ಮನೆಯಲ್ಲಿ ಅಳೆದ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಔಷಧ ಬದಲಿಸುವ ಬಗ್ಗೆ ವೈದ್ಯರು ಯೋಚಿಸುತ್ತಾರೆ. ಒಂದು ವಾರ ಬರೆದ ಬಳಿಕ ಯಂತ್ರವನ್ನು ಬೀರುವಿನಲ್ಲಿಟ್ಟು, ಮುಂದಿನ ಭೇಟಿಗೆ ವಾರ ಮೊದಲು ಮತ್ತೆ ತೆಗೆದರೆ ಸಾಕು.

ತಲೆಸುತ್ತನ್ನು ಮಾತ್ರ ಹಗುರವಾಗಿ ಕಾಣಬೇಡಿ. ಮಲಗಿದ್ದವರು ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಕುಸಿದರೆ ಅದಕ್ಕೆ ಚಿಕಿತ್ಸೆಯ ಗಮನ ಬೇಕು. ಬಿ.ಪಿ. ಮಾತ್ರೆ, ಪ್ರಾಸ್ಟೇಟ್ ತೊಂದರೆಗೆ ಕೊಡುವ ಕೆಲವು ಮಾತ್ರೆಗಳು, ನಮ್ಮ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ನೀರು ಕಡಿಮೆ ಕುಡಿಯುವುದು, ಇವೆಲ್ಲ ಕಾರಣವಾಗುತ್ತವೆ. ಮಲಗಿರುವಾಗ ಒಮ್ಮೆ, ನಿಂತ ಒಂದು ಮತ್ತು ಮೂರನೆಯ ನಿಮಿಷಕ್ಕೆ ಒಮ್ಮೊಮ್ಮೆ ಬಿ.ಪಿ. ನೋಡುವಂತೆ ನಿಮ್ಮ ವೈದ್ಯರನ್ನು ಕೇಳಿ. ಬಿ.ಪಿ. ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಬೇಡಿ. ಏಳುವಾಗ ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಬಳಿಕ ನಿಲ್ಲಿ.

ಮಂಡಿಗೆ ಪೂರ್ಣ ವಿಶ್ರಾಂತಿ ಮದ್ದಲ್ಲ. ತೊಡೆಯ ಮುಂಭಾಗದ ಸ್ನಾಯು ಸೊರಗಿದಷ್ಟೂ ಮಂಡಿಯ ಕೀಲು ಬಳಲುತ್ತದೆ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ ಹತ್ತು ಎಣಿಸುವವರೆಗೆ ಹಿಡಿದು ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲದಂತೆ ಬೆಳಿಗ್ಗೆ, ಸಂಜೆ ಮಾಡಿ. ನಡಿಗೆಯನ್ನು ಹದಿನೈದು ನಿಮಿಷದ ಎರಡು ಕಂತಾಗಿ ಮತ್ತೆ ಆರಂಭಿಸಿ, ನೋವು ನೋಡಿಕೊಂಡು ವಾರವಾರ ಸ್ವಲ್ಪ ಹೆಚ್ಚಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಪ್ರಮಾಣ ವಾರಕ್ಕೆ 150 ನಿಮಿಷದ ಮಧ್ಯಮ ವೇಗದ ಚಟುವಟಿಕೆ. ಅದನ್ನು ತಲುಪಲು ಮೂರು ತಿಂಗಳಾದರೂ ಸರಿಯೇ. ತೂಕ ಹೆಚ್ಚಿದ್ದರೆ ಇಳಿಸಿ: ಒಂದು ಕಿಲೋ ಇಳಿದರೆ ನಡೆಯುವಾಗ ಮಂಡಿಯ ಮೇಲೆ ಪ್ರತಿ ಹೆಜ್ಜೆಗೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ನಡಿಗೆ ಮುಗಿಸಿ ಗೆಳೆಯರೊಡನೆ ಬೆಣ್ಣೆದೋಸೆ ತಿನ್ನುವುದನ್ನು, ಸಂಜೆಯ ಮಂಡಕ್ಕಿ-ಮೆಣಸಿನಕಾಯಿಯನ್ನು ಪೂರ್ತಿ ಬಿಡಿ ಎಂದು ದಾವಣಗೆರೆಯವರಿಗೆ ಹೇಳುವಷ್ಟು ಕಠಿಣ ಮನಸ್ಸು ನನಗಿಲ್ಲ, ದಿನನಿತ್ಯದ್ದು ವಾರಕ್ಕೊಮ್ಮೆಯಾಗಲಿ. ಉಪ್ಪು ಎಲ್ಲ ಸೇರಿ ದಿನಕ್ಕೆ ಒಂದು ಟೀ ಚಮಚ, ಅಂದರೆ ಐದು ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳದ್ದೂ ಆ ಲೆಕ್ಕಕ್ಕೆ ಸೇರುತ್ತದೆ.

ಇನ್ನು ದಿನ ಕಳೆಯುವ ಪ್ರಶ್ನೆ. ಇದನ್ನು ನೀವು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ, ನಾನಾದರೆ ಮೊದಲ ಸಾಲಿನಲ್ಲಿ ಬರೆಯುತ್ತಿದ್ದೆ. ದಿನಕ್ಕೆ ಮೂರು ಗಂಟೆಗಳನ್ನು ನೀವೇ ಬಾರಿಸಿಕೊಳ್ಳಿ: ಏಳುವ ಹೊತ್ತು, ಮಧ್ಯಾಹ್ನದ ಊಟದ ಹೊತ್ತು, ಮತ್ತು ಯಾರಾದರೂ ನಿಮಗಾಗಿ ಕಾಯುವ ಒಂದು ಹೊತ್ತು. ಮೂರನೆಯದು ಬಹಳ ಮುಖ್ಯ. ನಿಮ್ಮ ಬೀದಿಯಲ್ಲಿ ಎಸ್ಸೆಸ್ಸೆಲ್ಸಿ ಗಣಿತಕ್ಕೆ ಹೆದರುವ ಮಕ್ಕಳು ಇದ್ದೇ ಇರುತ್ತಾರೆ. ಸಂಜೆ ಐದಕ್ಕೆ ಮೂವರು ಮಕ್ಕಳು ಬಾಗಿಲಲ್ಲಿ ನಿಂತರೆ, ಮಧ್ಯಾಹ್ನದ ನಿದ್ದೆ ತಾನಾಗಿಯೇ ಅರ್ಧ ಗಂಟೆಗೆ ಮುಗಿಯುತ್ತದೆ.

ಪ್ರಶ್ನೆ: ಡಾಕ್ಟರರೇ, ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರು, ವಯಸ್ಸು 67. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲೇ ಕೋಟೆ ಹತ್ತುವುದು ಅವರ ರೂಢಿ. ಹೋದ ತಿಂಗಳು ಏಕನಾಥೇಶ್ವರಿ ಗುಡಿಯ ಹತ್ತಿರ ಮೈಯೆಲ್ಲ ಬೆವೆತು, ಕೈ ನಡುಗಿ, ಮಾತು ತೊದಲಿತಂತೆ. ಜೊತೆಯವರು ಸಿಹಿ ಚಹಾ ಕುಡಿಸಿದ ಮೇಲೆ ಸರಿಹೋಯಿತಂತೆ. ಕೋಟೆಗೆ ಹೋಗಬೇಡಿ ಎಂದರೆ ಕೇಳುವುದಿಲ್ಲ. ನೀವಾದರೂ ಹೇಳಿ. — ಚಿತ್ರದುರ್ಗ

ಉತ್ತರ: ತಾಯಿ, ನಾನು ಅವರಿಗೆ ಕೋಟೆ ಬಿಡಿ ಎಂದು ಹೇಳುವುದಿಲ್ಲ. ಏಳು ಸುತ್ತಿನ ಕೋಟೆಯ ಊರಿನಲ್ಲಿ ಹುಟ್ಟಿ, ಬಂಡೆ ಮತ್ತು ಗಾಳಿಯ ನಡುವೆ ಬೆಳೆದವರಿಗೆ ಆ ಮೆಟ್ಟಿಲುಗಳು ವ್ಯಾಯಾಮಕ್ಕಿಂತ ದೊಡ್ಡವು. ಬಿಡಬೇಕಾದದ್ದು ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ಹತ್ತುವ ರೂಢಿಯನ್ನು.

ನೀವು ವಿವರಿಸಿದ್ದು ರಕ್ತದ ಸಕ್ಕರೆ ತೀರ ಇಳಿದಾಗ ಕಾಣುವ ಲಕ್ಷಣ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಹೊಟ್ಟೆಯಲ್ಲಿ ಆಹಾರ ಇದೆಯೋ ಇಲ್ಲವೋ ನೋಡುವುದಿಲ್ಲ. ಹತ್ತುವಾಗ ಸ್ನಾಯುಗಳೂ ಸಕ್ಕರೆಯನ್ನು ಹೀರುತ್ತವೆ. ಎರಡೂ ಸೇರಿ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಾಗ ನಡುಕ, ಬೆವರು, ಗೊಂದಲ, ತೊದಲು ಬರುತ್ತವೆ. ಆ ಮಾತ್ರೆಯನ್ನು ನಡಿಗೆ ಮುಗಿಸಿ ಬಂದು ತಿಂಡಿಯ ಜೊತೆಗೆ ತೆಗೆದುಕೊಳ್ಳಬಹುದೇ, ಪ್ರಮಾಣ ತಗ್ಗಿಸಬೇಕೇ ಎಂದು ಅವರ ವೈದ್ಯರನ್ನು ಈ ವಾರವೇ ಕೇಳಿ. ಈ ಘಟನೆಯನ್ನು ಯಜಮಾನರು ವೈದ್ಯರಿಗೆ ಹೇಳಿಲ್ಲವೆಂದು ನನ್ನ ಅನುಮಾನ. ನೀವೇ ಜೊತೆಗೆ ಹೋಗಿ ಹೇಳಿ.

ಹೊರಡುವ ಮುನ್ನ ಏನಾದರೂ ಸ್ವಲ್ಪ ತಿನ್ನಲಿ, ಜೇಬಿನಲ್ಲಿ ಸಕ್ಕರೆಯ ಪೊಟ್ಟಣವಿರಲಿ. ಲಕ್ಷಣ ಕಂಡರೆ ಕೂಡಲೇ ಕುಳಿತು ಮೂರು ಟೀ ಚಮಚ ಸಕ್ಕರೆಯನ್ನು ನೀರಿನೊಡನೆ ಸೇವಿಸಬೇಕು. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಸುಧಾರಿಸಿದ ಮೇಲೆ ಇಳಿದು ಬಂದು ತಿಂಡಿ ತಿನ್ನಬೇಕು, ಅಂದು ಮತ್ತೆ ಹತ್ತಬಾರದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು. ಇದನ್ನು ಜೊತೆಯಲ್ಲಿ ಹತ್ತುವ ಗೆಳೆಯರಿಗೂ ತಿಳಿಸಿಡಿ, ಒಬ್ಬರೇ ಹೋಗುವುದು ಬೇಡ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆ ಇರುವವರಿಗೆ ಹೃದಯಾಘಾತವೂ ಎದೆನೋವಿಲ್ಲದೆ ಬರೀ ಬೆವರು, ಸುಸ್ತು, ಉಸಿರುಕಟ್ಟುವಿಕೆಯಾಗಿ ಬರಬಹುದು. ಅವರು ಸಿಹಿ ಚಹಾದಿಂದ ಚೇತರಿಸಿಕೊಂಡದ್ದು ಸಮಾಧಾನದ ಸಂಗತಿ, ಆದರೂ ಇ.ಸಿ.ಜಿ. ಮಾಡಿಸದೆ ಮತ್ತೆ ಮೆಟ್ಟಿಲು ಹತ್ತಬಾರದು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ-12 ಜೀವಸತ್ವ ಕುಗ್ಗುವುದುಂಟು. ಪಾದದಲ್ಲಿ ಜುಮ್ಮೆನ್ನುವಿಕೆ ಇದ್ದರೆ ಅದನ್ನೂ ನೋಡಿಸಿ. ಕಲ್ಲಿನ ಮೇಲೆ ಬರಿಗಾಲು ಬೇಡ, ಕಾಲುಚೀಲ ಹಾಕಿ ಬೂಟು ತೊಡಲಿ. ರಾತ್ರಿ ಅಂಗಾಲನ್ನು ನೀವೇ ಒಮ್ಮೆ ದೀಪದ ಬೆಳಕಿನಲ್ಲಿ ನೋಡಿ. ಸ್ಪರ್ಶ ಕುಗ್ಗಿದ ಪಾದಕ್ಕೆ ಗಾಯವಾದದ್ದು ಅವರಿಗೇ ತಿಳಿಯದಿರಬಹುದು. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಆ ತಿಂಗಳುಗಳಲ್ಲಿ ಊರೊಳಗಿನ ಸಮತಟ್ಟಾದ ರಸ್ತೆಯಲ್ಲಿ ನಡೆಯಲಿ.

ಪ್ರಶ್ನೆ: ವಯಸ್ಸು 70, ಕಾರ್ಖಾನೆಯಿಂದ ನಿವೃತ್ತ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕಾಗುತ್ತದೆ. ಇದು ವಯೋಸಹಜವೇ? — ಹರಿಹರ

ಉತ್ತರ: ಒಮ್ಮೆ ಏಳುವುದು ಈ ವಯಸ್ಸಿನಲ್ಲಿ ಸಾಮಾನ್ಯ, ನಾಲ್ಕು ಸಲ ಏಳುವುದಕ್ಕೆ ಕಾರಣ ಹುಡುಕಬೇಕು. ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿರಬಹುದು, ಸಕ್ಕರೆ ಹೆಚ್ಚಿರಬಹುದು, ಹಗಲೆಲ್ಲ ಕಾಲಿನಲ್ಲಿ ಇಳಿದು ನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗಿ ಬರುತ್ತಿರಬಹುದು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ಇದ್ದರೆ ಅದನ್ನು ಬೆಳಿಗ್ಗೆ ತೆಗೆದುಕೊಳ್ಳಬಹುದೇ ಎಂದು ಕೇಳಿ. ಸಂಜೆ ಆರರ ಮೇಲೆ ಚಹಾ, ಕಾಫಿ ಬೇಡ. ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಮೂತ್ರ ಕಟ್ಟಿಕೊಂಡರೆ ಅಂದೇ ಆಸ್ಪತ್ರೆಗೆ ಹೋಗಿ. ವೈದ್ಯರನ್ನು ಕಾಣುವವರೆಗೆ ಹಾಸಿಗೆಯಿಂದ ಬಚ್ಚಲಿನವರೆಗೆ ಒಂದು ಸಣ್ಣ ದೀಪ ರಾತ್ರಿಯಿಡೀ ಉರಿಯಲಿ. ಕತ್ತಲಲ್ಲಿ ಎಡವಿ ಸೊಂಟದ ಮೂಳೆ ಮುರಿದುಕೊಂಡ ಹಿರಿಯರನ್ನು ನಾನು ಬಹಳ ಕಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆ ಸರ್ಕಾರಿ ಬಸ್ಸಿನ ಚಾಲಕರಾಗಿದ್ದವರು, ಈಗ ಹೊಳಲ್ಕೆರೆ ಹತ್ತಿರದ ನಮ್ಮೂರಿನಲ್ಲಿದ್ದಾರೆ. ಮೊದಲು ಸಂಜೆಯಾದರೆ ಕಟ್ಟೆಯ ಮೇಲೆ ಹತ್ತು ಜನರ ಮಧ್ಯೆ ಇರುತ್ತಿದ್ದರು. ಈಗ ಮನೆ ಬಿಟ್ಟು ಹೊರಡುವುದಿಲ್ಲ. ಫೋನಿನಲ್ಲಿ ಕೇಳಿದ್ದಕ್ಕೆಲ್ಲ "ಹೂಂ" ಎನ್ನುತ್ತಾರೆ. ಊಟ ಕಡಿಮೆಯಾಗಿದೆ ಎಂದು ಅಮ್ಮ ಹೇಳುತ್ತಾರೆ. ವಯಸ್ಸಾಯಿತು ಎಂದು ಸುಮ್ಮನಿರಬೇಕೇ? — ಬೆಂಗಳೂರಿನಿಂದ ಒಬ್ಬ ಮಗಳು

ಉತ್ತರ: ಸುಮ್ಮನಿರಬೇಡಿ, ಮಗಳೇ. ವಯಸ್ಸು ಮನುಷ್ಯನನ್ನು ನಿಧಾನವಾಗಿಸುತ್ತದೆ, ಕಟ್ಟೆಯನ್ನು ಬಿಡಿಸುವುದಿಲ್ಲ. ಎರಡು ವಾರಕ್ಕೂ ಮೀರಿ ಹಿಂದಿನ ಆಸಕ್ತಿಗಳು ಬತ್ತಿ, ನಿದ್ದೆ-ಊಟ ಕೆಟ್ಟು, ಮಾತು ಕಡಿಮೆಯಾದರೆ ಅದು ಖಿನ್ನತೆಯಾಗಿರಬಹುದು. ಹಿರಿಯರು "ಬೇಜಾರಾಗಿದೆ" ಎಂದು ಹೇಳುವುದು ಕಡಿಮೆ. "ಮೈಕೈ ನೋವು", "ಹಸಿವಿಲ್ಲ" ಎನ್ನುತ್ತಾರೆ. ರಕ್ತಹೀನತೆ, ಥೈರಾಯ್ಡ್ ಕೊರತೆ, ಬಿ-12 ಕೊರತೆಯಿಂದಲೂ ಇದೇ ಚಿತ್ರ ಮೂಡುವುದರಿಂದ ಮೊದಲು ಆ ರಕ್ತಪರೀಕ್ಷೆಗಳಾಗಲಿ. ಖಿನ್ನತೆಗೆ ಚಿಕಿತ್ಸೆಯಿದೆ, ಎಪ್ಪತ್ತರಲ್ಲೂ ಗುಣವಾಗುತ್ತದೆ. 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. "ನಾನಿದ್ದು ಏನು ಪ್ರಯೋಜನ" ಎಂಬಂಥ ಮಾತು ಅವರ ಬಾಯಿಂದ ಬಂದಿದ್ದರೆ ಒಂದು ದಿನವೂ ತಡಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಿರಿ.

ಆದರೆ ನಿಮ್ಮ ಪತ್ರದ ಆ "ಹೂಂ" ನನ್ನನ್ನು ಬೇರೊಂದು ಕಡೆಗೂ ಯೋಚಿಸುವಂತೆ ಮಾಡಿದೆ. ಹಳೆಯ ಬಸ್ಸುಗಳಲ್ಲಿ ಎಂಜಿನ್ ಚಾಲಕನ ಎಡಗಡೆಯೇ ಬಾನೆಟ್ಟಿನೊಳಗೆ ಗುಡುಗುತ್ತಿತ್ತು. ವರ್ಷಗಟ್ಟಲೆ ಆ ಸದ್ದಿನ ಪಕ್ಕದಲ್ಲಿ ಕುಳಿತವರ ಕಿವಿ ಮಂದವಾಗಿದ್ದರೆ ಆಶ್ಚರ್ಯವಿಲ್ಲ. ಕಿವಿ ಮಂದವಾದವರಿಗೆ ಒಬ್ಬೊಬ್ಬರ ಮಾತು ಹೇಗೋ ತಿಳಿಯುತ್ತದೆ, ಕಟ್ಟೆಯ ಮೇಲೆ ಹತ್ತು ಜನ ಒಟ್ಟಿಗೆ ಆಡುವ ಮಾತು ತಿಳಿಯುವುದಿಲ್ಲ. ಎರಡು ಸಲ "ಏನಂದ್ರಿ?" ಎಂದು ಕೇಳಿ, ಮೂರನೆಯ ಸಲ ಸಂಕೋಚಪಟ್ಟು, ನಾಲ್ಕನೆಯ ದಿನ ಮನೆಯಲ್ಲೇ ಉಳಿಯುತ್ತಾರೆ. ಫೋನಿನಲ್ಲಿ ಕೇಳಿಸದ ಪ್ರಶ್ನೆಗೆ "ಹೂಂ" ಎನ್ನುವುದು ಸುಲಭ. ಎಷ್ಟೋ ಸಲ ಕಿವಿಯಲ್ಲಿ ಗಟ್ಟಿಯಾದ ಗುಗ್ಗೆಯೇ ಕಾರಣವಾಗಿದ್ದು, ಅದನ್ನು ತೆಗೆಸಿದ ದಿನವೇ ಮಾತು ಮರಳುತ್ತದೆ. ಇಲ್ಲವಾದರೆ ಶ್ರವಣ ಪರೀಕ್ಷೆ ಮಾಡಿಸಿ ಶ್ರವಣಯಂತ್ರ ಕೊಡಿಸಬಹುದು. ಅದಕ್ಕೆ ಹೊಂದಿಕೊಳ್ಳಲು ಕೆಲವು ವಾರಗಳು ಬೇಕಾಗುವುದರಿಂದ, ಮೊದಲ ವಾರವೇ ತೆಗೆದಿಟ್ಟರೆ ನಿರಾಶರಾಗಬೇಡಿ.

ಮುಂದಿನ ಸಲ ಊರಿಗೆ ಹೋದಾಗ ಅವರ ಎದುರಿಗೆ, ಮುಖ ಕಾಣುವಂತೆ ಬೆಳಕಿನಲ್ಲಿ ಕುಳಿತು, ಕೂಗದೆ ನಿಧಾನವಾಗಿ ಮಾತನಾಡಿಸಿ ನೋಡಿ. "ಊಟ ಆಯ್ತಾ?" ಎಂದು ಕೇಳಬೇಡಿ, ಅದಕ್ಕೆ ಉತ್ತರ ಒಂದೇ ಪದದ್ದು. ಘಾಟಿಯ ರಸ್ತೆಯಲ್ಲಿ ಮಳೆಗಾಲದ ರಾತ್ರಿ ಬಸ್ಸನ್ನು ಹೇಗೆ ಇಳಿಸುತ್ತಿದ್ದಿರಿ ಎಂದು ಕೇಳಿ. ಮುಖ ನೋಡಿದಾಗ ಮಾತು ಬಂದು, ನೀವು ಬೆನ್ನು ತಿರುಗಿಸಿ ಕೇಳಿದಾಗ ಉತ್ತರ ಬಾರದಿದ್ದರೆ, ಮರುದಿನ ಬೆಳಿಗ್ಗೆ ಮೊದಲು ಕಿವಿಯ ವೈದ್ಯರ ಬಳಿಗೆ ಕರೆದೊಯ್ಯಿರಿ.