27 ಅಳಿಸಿದರೆ 35 ಏಕೆ ಕಾಣೆಯಾಗುತ್ತದೆ?

ಲೈಬ್ರರಿಯ ನೆರವಿಲ್ಲದೆ ಸಿ ಭಾಷೆಯಲ್ಲಿ ಹ್ಯಾಶ್ ಸೆಟ್ (ಒಂದೇ ಸಂಖ್ಯೆ ಎರಡು ಸಲ ಸೇರದ, ಬೇಗ ಹುಡುಕಬಹುದಾದ ಸಂಗ್ರಹ) ಬರೆದಿದ್ದೀರಿ. 8 ಕೋಣೆಗಳ ಅರೇ, ಅಂದರೆ 0ಯಿಂದ 7ರವರೆಗಿನ ಕೋಣೆಗಳ ಸಾಲು. ಸಂಖ್ಯೆಯನ್ನು 8ರಿಂದ ಭಾಗಿಸಿದಾಗ ಬರುವ ಶೇಷವೇ ಅದರ ಕೋಣೆ. ಕೋಣೆ ತುಂಬಿದ್ದರೆ ಪಕ್ಕದ್ದು. 27 ಅಳಿಸಿದ ಮೇಲೆ, ಒಳಗೇ ಇರುವ 35 ಇಲ್ಲ ಎನ್ನುತ್ತದೆ, ಏಕೆ ಎಂದು ಕೇಳಿದ್ದೀರಿ.

ತಪ್ಪು ಅಳಿಸುವ ಫಂಕ್ಷನ್‌ನಲ್ಲಿದೆ. ಹುಡುಕುವುದನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. 19, 27, 35 ಮೂರನ್ನೂ 8ರಿಂದ ಭಾಗಿಸಿದರೆ ಶೇಷ 3. ಹಾಗಾಗಿ 19 ಕೋಣೆ 3ರಲ್ಲಿ ಕುಳಿತಿತು, 27 ಕೋಣೆ 4ಕ್ಕೂ 35 ಕೋಣೆ 5ಕ್ಕೂ ಸರಿದವು. ನೀವು 4ನ್ನು ಖಾಲಿ ಮಾಡಿದಿರಿ. ಈಗ 35ನ್ನು ಹುಡುಕಿದರೆ 3ರಲ್ಲಿ 19 ಸಿಗುತ್ತದೆ, 4 ಖಾಲಿ, ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಉಡುಪಿ ಕಡೆಯ ಮದುವೆಯೂಟದ ಪಂಕ್ತಿ ನೆನಪಿಸಿಕೊಳ್ಳಿ. ಸಾರಿನ ಬಕೆಟ್ ಹಿಡಿದವನು ಬರಿನೆಲ ಕಂಡಲ್ಲಿ ಪಂಕ್ತಿ ಮುಗಿಯಿತೆಂದು ಹಿಂದಿರುಗುತ್ತಾನೆ. ನಡುವೆ ಒಬ್ಬ ಎದ್ದುಹೋಗಿ ಅವನ ಎಲೆಯನ್ನೂ ತೆಗೆದುಬಿಟ್ಟರೆ ಆಚೆ ಕುಳಿತವರಿಗೆ ಸಾರಿಲ್ಲ. (ನಡುವೆ ಏಳಬಾರದೆಂದು ಹಿರಿಯರು ಗದರುತ್ತಿದ್ದುದು ಸುಮ್ಮನೆ ಅಲ್ಲ.) ಎಂಜಲೆಲೆ ಅಲ್ಲೇ ಇದ್ದರೆ ಬಡಿಸುವವನು ದಾಟಿ ಮುಂದೆ ಹೋಗುತ್ತಾನೆ. ಅಂತಹ ಎಲೆಯೇ ನಿಮಗೆ ಬೇಕು. ಪ್ರತಿ ಕೋಣೆಗೆ ಖಾಲಿ, ತುಂಬಿದೆ, ಅಳಿಸಿದೆ ಎಂಬ ಮೂರು ಸ್ಥಿತಿ ಇಡಿ. ಈ ಮೂರನೆಯದನ್ನು ಪುಸ್ತಕಗಳು ಟೂಂಬ್‌ಸ್ಟೋನ್ ಎನ್ನುತ್ತವೆ. ಹುಡುಕಾಟ ಅದನ್ನು ದಾಟಬೇಕು. ಹೊಸದನ್ನು ಅಲ್ಲಿ ಕೂರಿಸಬಹುದು, ಆದರೆ ಮುಂದೆ ಖಾಲಿ ಕೋಣೆ ಸಿಗುವವರೆಗೆ ನೋಡಿದ ಮೇಲೆ ಮಾತ್ರ. ಇಲ್ಲದಿದ್ದರೆ ಒಂದೇ ಸಂಖ್ಯೆ ಎರಡು ಕಡೆ ಸೇರುತ್ತದೆ. ಆಮೇಲೆ ಅದು ಸೆಟ್ ಹೇಗಾದೀತು?

ಇಲ್ಲಿ ನಾನೊಂದು ರಾತ್ರಿ ಕಳೆದುಕೊಂಡಿದ್ದೇನೆ. ಇರುವ ಅಂಶಗಳನ್ನು ಮಾತ್ರ ಎಣಿಸಿ, ಅರೇ ದೊಡ್ಡದು ಮಾಡಬೇಕೇ ಎಂದು ತೀರ್ಮಾನಿಸುತ್ತಿದ್ದೆ. ಸೇರಿಸಿ, ಅಳಿಸಿ, ಸೇರಿಸಿ, ಅಳಿಸಿ, ಕೊನೆಗೆ ಒಂದೂ ಖಾಲಿ ಕೋಣೆ ಉಳಿಯಲಿಲ್ಲ. ಇಲ್ಲದ ಸಂಖ್ಯೆಯೊಂದನ್ನು ಕೇಳಿದರೆ ಪ್ರೋಗ್ರಾಂ ಅರೇಯನ್ನು ಸುತ್ತುತ್ತಲೇ ಇತ್ತು, ಬಕೆಟ್ ಹಿಡಿದು ಎಂಜಲೆಲೆಗಳ ನಡುವೆ ಅಲೆಯುವವನಂತೆ. ಆದ್ದರಿಂದ ತುಂಬಿದವು ಮತ್ತು ಅಳಿಸಿದವು ಎರಡನ್ನೂ ಕೂಡಿಸಿ ಎಣಿಸಿ. ಮೊತ್ತ ಅರೇಯ ಮೂರನೇ ಎರಡು ಭಾಗ ದಾಟಿದರೆ ಹೊಸ ಅರೇ ತೆಗೆದುಕೊಂಡು, ಬದುಕಿರುವವುಗಳನ್ನು ಮಾತ್ರ ಹೊಸ ಶೇಷದ ಪ್ರಕಾರ ಮತ್ತೆ ಕೂರಿಸಿ. ಎಲೆಗಳೆಲ್ಲ ಆಗ ತಾನಾಗಿ ಹೋಗುತ್ತವೆ.

ಇದೆಲ್ಲ ತಲೆನೋವೆನಿಸಿದರೆ ಪ್ರತಿ ಕೋಣೆಗೊಂದು ಲಿಂಕ್ಡ್ ಲಿಸ್ಟ್ ಕಟ್ಟಿ, ಒಂದೇ ಶೇಷದವೆಲ್ಲ ಅಲ್ಲೇ ಸರಪಳಿಯಾಗಿ ಕೂರುತ್ತವೆ. ಜಾವಾದ ಹ್ಯಾಶ್‌ಸೆಟ್ ಸರಪಳಿಯನ್ನೇ ನಂಬಿದೆ, ಪೈಥಾನ್‌ನ ಸೆಟ್ ನಿಮ್ಮಂತೆ ಅರೇಯೊಳಗೇ ಜಾಗ ಹುಡುಕುತ್ತದೆ. ಕಲಿಯಲಿಕ್ಕೆಂದು ಬರೆಯುತ್ತಿದ್ದರೆ ನೀವು ಹಿಡಿದ ದಾರಿಯೇ ಚೆನ್ನ.

ಋಣ ಸಂಖ್ಯೆಗಳನ್ನೂ ಹಾಕುತ್ತೀರಾದರೆ ಎಚ್ಚರ: ಸಿ ಭಾಷೆಯಲ್ಲಿ -5ನ್ನು 8ರಿಂದ ಭಾಗಿಸಿದರೆ ಶೇಷ 3 ಬರುವುದಿಲ್ಲ, -5 ಆಗಿಯೇ ಬರುತ್ತದೆ. ಮೊದಲು ಅನ್‌ಸೈನ್ಡ್ (ಋಣ ಚಿಹ್ನೆಯಿಲ್ಲದ ಬಗೆ) ಮಾಡಿಕೊಂಡು ಭಾಗಿಸಿ.